ಉಪ್ಪಿಟ್ಟು ಅವ್ರು ತಿಂದ್ರು, ತೇಗು ನಮಗ ಬಂತು

ಹುಬ್ಬಳ್ಳ್ಯಾಗ ನಮ್ಮ ಓಣ್ಯಾಗ ಅಣ್ತಮ್ಮ ಇಬ್ರು ಅದಾರ, ಹೆಸರು ಬ್ಯಾಡ. ದೊಡ್ಡಾವ್ ಸಿದ್ದರಾಮಯ್ಯ ಬಣ, ಸಣ್ಣಾವ್ ಡಿಕೆ ಶಿವಕುಮಾರ್ ಬಣ. ಆ ಸಾಹೇಬ್ರಿಬ್ರನ್ನೂ ಇವ್ರು ಟಿವ್ಯಾಗ ಬಿಟ್ರ ಖರೇ ನೋಡಿದ್ದು ಅಂದ್ರ ಒಮ್ಮೆ ವಿಮಾನ ನಿಲ್ದಾಣದ ರಸ್ತೆದಾಗ ಕಾರು ಹಾದುಹೋದಾಗ, ಅದೂ ಕರಿ ಕಾಜಿನ ಕಾರು, ಒಳಗ ಯಾರಿದ್ರೋ ಆ ಸಿದ್ಧಾರೂಢಗ ಗೊತ್ತು.

2023ರ ಮೇ 20ಕ್ಕ ಕಾಂಗ್ರೆಸ್ ಸರಕಾರ ಬಂತಲ್ಲ, 135 ಸೀಟು, ಸಿದ್ದರಾಮಯ್ಯ ಸಿಎಂ, ಡಿಕೆ ಡಿಸಿಎಂ, ಇಬ್ರೂ ಕೂಡೇ ಪೇಢೆ ಹಂಚಿದ್ರು. ಆಮ್ಯಾಲೆ ಸಣ್ಣಾವ್, ಅರ್ಧ ಅವಧಿ ಮುಗಿದ್ಮ್ಯಾಲೆ ಸಿಎಂ ಕುರ್ಚಿ ಡಿಕೆಗೆ ಅಂತ ಒಪ್ಪಂದ ಆಗೈತಿ ಅನ್ನೋ ಮಾತು ನಂಬಿ, ಸುಮ್ನ ಕೂತು ಎರಡೂವರಿ ವರ್ಷ ಎಣಿಸಿ ಮೊಬೈಲ್‌ನ್ಯಾಗ 2025ರ ನವೆಂಬರ್ 20ಕ್ಕ ರಿಮೈಂಡರ್ ಹಾಕ್ಕೊಂಡ. ಆ ದಿನ ಬಂತು, ರಿಮೈಂಡರ್ ಹೊಡ್ಕೊಂತು, ಕುರ್ಚಿ ಅಳ್ಳಾಡ್ಲಿಲ್ಲ. ಬೆಂಗಳೂರಾಗ ಶಾಸಕರು ದಿಲ್ಲಿ ವಿಮಾನ ಹತ್ತಿದ್ರು, ಇಲ್ಲಿ ಇವ್ರಿಬ್ರು ಫ್ಯಾಮಿಲಿ ಗ್ರೂಪ್‌ನ್ಯಾಗ ಜಗಳ ತಗದ್ರು, ಒಬ್ಬ ಇನ್ನೊಬ್ಬನ್ನ ಬ್ಲಾಕ್ ಮಾಡಿದ, ಅಡ್ಮಿನ್ ಇದ್ದ ಅಳಿಯ ಪಾಪ ಗ್ರೂಪ್ ಬಿಟ್ಟು ಓಡಿಹೋದ.

ಅತ್ಲಾಗ ಏನಾತು? ನವೆಂಬರ್ 29ಕ್ಕ ಸಿಎಂ ಮನ್ಯಾಗ ಬ್ರೇಕ್‌ಫಾಸ್ಟ್, ಇಡ್ಲಿ ಉಪ್ಪಿಟ್ಟು. ಡಿಸೆಂಬರ್ 2ಕ್ಕ ಡಿಸಿಎಂ ಮನ್ಯಾಗ ಬ್ರೇಕ್‌ಫಾಸ್ಟ್, ಇಡ್ಲಿ ನಾಟಿಕೋಳಿ ಸಾರು. ನಾವೆಲ್ಲಾ ಒಗ್ಗಟ್ಟಾಗಿ ಅದೀವಿ ಅಂತ ಇಬ್ರೂ ಹೇಳಿ ಕೈ ತೊಳಕೊಂಡ್ರು. ಟಿವಿಯವ್ರು ತಾಟು ಜೂಮ್ ಮಾಡಿ ಮಾಡಿ ತೋರಿಸಿದ್ರು, ಯಾರು ಮೊದ್ಲು ಚಮಚಾ ಎತ್ತಿದ್ರು, ಯಾರ ನಗು ಎಷ್ಟು ಇಂಚು. ಉಪ್ಪಿಟ್ಟಿಗೆ ಇಷ್ಟು ಮರ್ಯಾದಿ ನಮ್ಮ ಕಡೆ ಕನ್ಯಾ ನೋಡಾಕ ಹೋದಾಗೂ ಸಿಗಂಗಿಲ್ಲ.

ಇದೇನ್ ಒಂದ ಪಾರ್ಟಿ ರೋಗ ಅಲ್ರಿ. 2008ರಿಂದ 2013ರ ಒಳಗ ಬಿಜೆಪಿಯವ್ರು ಒಂದ ಅವಧಿದಾಗ ಮೂರು ಸಿಎಂ ಮಾಡಿ ತೋರಿಸಿದ್ರು, ಮೂರನೇದವ್ರು ನಮ್ಮೂರ ಜಗದೀಶ ಶೆಟ್ಟರ್ ಸಾಹೇಬ್ರು. ಅವ್ರು 2023ರ ಏಪ್ರಿಲ್‌ದಾಗ ಕಾಂಗ್ರೆಸ್ಸಿಗೆ ಹೋದ್ರು, ಎಲೆಕ್ಷನ್ ಸೋತ್ರು, ಅಲ್ಲೇ ಎಂಎಲ್‌ಸಿ ಆದ್ರು, 2024ರ ಜನವರಿದಾಗ ತಿರುಗಿ ಬಿಜೆಪಿಗೆ ಬಂದ್ರು, ಈಗ ಬೆಳಗಾವಿ ಎಂಪಿ. ಒಂಬತ್ತು ತಿಂಗಳ ಲೆಕ್ಕ, ಬಾಣಂತನ ಮುಗಿಸಿ ಬಂದಂಗ. ಆದ್ರ ಹಿಂಬಾಲಕರ ಗತಿ ಕೇಳ್ರಿ, ನನ್ನ ದೋಸ್ತ ಒಬ್ಬ ಅವಾಗ ಶಾಲು ಬದಲಿಸಿದಾವ್ ಇವತ್ತಿಗೂ ಯಾವ ಆಫೀಸಿನ್ಯಾಗ ಚಾ ಕುಡಿಬೇಕು ಅಂತ ತಿಳೀದ ಮನ್ಯಾಗ ಕೂತಾನ. ಅವನ ಹೆಂಡತಿ ಶ್ಯಾಣ್ಯಾಕಿ, ಒಂದು ಶಾಲು ರೊಟ್ಟಿ ಬುಟ್ಟಿಗೆ ಹಾಸ್ಯಾಳ, ಇನ್ನೊಂದು ಗಾಡಿ ಒರಸಾಕ ಇಟ್ಟಾಳ. ಯಾವ ಬಣ್ಣದ್ದು ಯಾವುದಕ್ಕ ಅಂತ ನಾ ಹೇಳಂಗಿಲ್ಲ, ನಾಳೆ ನಾನೂ ಅವ್ರ ಮನಿಗೆ ಉಣ್ಣಾಕ ಹೋಗಬೇಕು.

ಶಿಗ್ಗಾವಿ ಕಡೆ ಬೊಮ್ಮಾಯಿಯವ್ರ ಮನಿ ನೋಡಿದ್ರ ಅಪ್ಪ ಸಿಎಂ, ಮಗ ಸಿಎಂ, 2024ರ ಬೈ ಎಲೆಕ್ಷನ್‌ದಾಗ ಮೊಮ್ಮಗ ಕ್ಯಾಂಡಿಡೇಟ್. ಆವಾಗ ಮಂದಿ ಒಲ್ಲೆ ಅಂದ್ರು, ಅದು ಬ್ಯಾರೆ ಮಾತು.

ನನಗ ಅನಸ್ತೈತಿ ಇವ್ರದ್ದೆಲ್ಲಾ ನಮ್ಮ ಬಿಆರ್‌ಟಿಎಸ್ ಬಸ್ ರಸ್ತೆ ಇದ್ದಂಗ. ನಡುವ ಚಿಗರಿ ಬಸ್ಸಿಗೆ ಅಂತ ಕಟಕಟಿ ಹಾಕಿದ ಖಾಲಿ ಲೇನ್, ಅದರಾಗ ಅವ್ರ ಗಾಡಿನ ಓಡೋದು, ನಾವು ಆಜೂಬಾಜು ಟ್ರ್ಯಾಕ್ಟರ್ ಆಟೋ ಎಮ್ಮಿ ಎಲ್ಲಾ ಕೂಡಿ ಸಿಕ್ಕೊಂಡು, ಲೇನಿನ್ಯಾಗ ಯಾವ ಬಸ್ ಮುಂದ ಹೋತು ಅಂತ ಪಂಥ ಕಟ್ಟೋದು. ಮೊನ್ನೆ ಒಬ್ಬ ಮಂತ್ರಿ ಟ್ರೇನಿಗೆ ಬರ್ತಾರ ಅಂತ ಎರಡೂ ಬಣದವ್ರು ಹಾರ ಹಿಡ್ಕೊಂಡು ಸ್ಟೇಷನ್ನಿಗೆ ಹೋದ್ರು. ನಮ್ಮ ಪ್ಲಾಟ್‌ಫಾರ್ಮ್ 1,507 ಮೀಟರ್, ಜಗತ್ತಿನ್ಯಾಗ ಉದ್ದಂದು, ಒಬ್ರು ಈ ತುದಿ ಒಬ್ರು ಆ ತುದಿ, ಒಬ್ರ ಮಾರಿ ಒಬ್ರಿಗೆ ಕಾಣಲಿಲ್ಲ, ಜಗಳ ಆಗ್ಲಿಲ್ಲ. ಮಂತ್ರಿ ಕಾರಿನ್ಯಾಗ ಬಂದು ಹೋಗಿದ್ರಂತ.

ಕಡೀಕ ಅಣ್ತಮ್ಮರ ಅವ್ವ, ನಮಗ ಕಾಕು, ಬ್ಯಾಸತ್ತು ಅಂದ್ಲು, ಅಲ್ಲಿ ದೊಡ್ಡವ್ರು ಕೂಡಿ ಉಂಡ್ರಂತ, ನೀವೂ ಬರ್ರಿ. ರವಿವಾರ ಮುಂಜಾನೆ ಉಪ್ಪಿಟ್ಟು ಮಾಡಿದ್ಲು, ನನ್ನನ್ನ ಹೈಕಮಾಂಡ್ ಅಂತ ನಡುವ ಕೂಡಿಸಿದ್ಲು. ಇಬ್ರೂ ಬಂದ್ರು, ಮಾರಿ ಗ್ವಾಡಿ ಕಡೆ. ದೊಡ್ಡಾವ್ ಒಂದು ತುತ್ತು ಇಟ್ಕೊಂಡು "ಉಪ್ಪು ಕಡಿಮಿ ಆಗೈತವ್ವ" ಅಂದ. ಸಣ್ಣಾವ್ ತಾಟು ಸರಿಸಿದ, "ಅಣ್ಣಾ, ಯಾರಿಗೆ ಅಂದಿ ಅದು?"

ಶುರು ಆತು ನೋಡ್ರಿ. ಎರಡೂವರಿ ವರ್ಷದ ಒಪ್ಪಂದ ಆಗಿತ್ತೋ ಇಲ್ಲೋ ಅಂತ ಇಬ್ರೂ ತಾವ ಆ ಕೋಣ್ಯಾಗ ಕೂತಿದ್ರು ಅನ್ನೋಹಂಗ ಆಣಿ ಮಾಡಾಕತ್ರು. ಅದರ ನಡುವ ಎಂಟು ದಿನದ ಮ್ಯಾಲೆ ನಳ ಬಂದಿತ್ತು, ಗದ್ದಲದಾಗ ಯಾರಿಗೂ ಸಪ್ಪಳ ಕೇಳಿಲ್ಲ. ಕಾಕು ಕೊಡ ಹಿಡ್ಕೊಂಡು ಹೊರಗ ಓಡಿದ್ಲು, ಅಷ್ಟ್ರಾಗ ನಳ ಬರೀ ಗಾಳಿ ಉಗಳಾಕತ್ತಿತ್ತು. ಒಳಗ ಬಂದಾಕಿ ಉಪ್ಪಿಟ್ಟಿನ ಬೋಗಾಣಿ ಎತ್ಕೊಂಡು ಬಾಜೂ ಮನಿ ಎಮ್ಮಿ ಮುಂದ ಇಟ್ಟುಬಂದ್ಲು.