ಸೀಸ ಇಲ್ಲ ಅಂತ ಬರೆದುಕೊಟ್ಟರೆ ಆಯ್ತು

ಚಾರ್ಜರ್, ಮಾನಿಟರ್, ಮಿಕ್ಸಿ, ಏನೇ ತನ್ನಿ, ಡಬ್ಬದ ಮೇಲೊಂದು ಹಸಿರು ಎಲೆ. ಕೆಳಗೆ ‘ರೋಹ್ಸ್’ ಮುದ್ರೆ. ಅಂದರೆ ಒಳಗೆ ಸೀಸ, ಪಾದರಸ, ಕ್ಯಾಡ್ಮಿಯಂ ಇತ್ಯಾದಿ ವಿಷ ಮಿತಿ ಮೀರಿಲ್ಲ. ಯಾರು ಹೇಳಿದ್ದು? ಮಾಡಿದವರೇ ಹೇಳಿದ್ದು. ಬಹಳ ಸಂತೋಷ.

ಯುರೋಪಿನವರು ಈ ಮಿತಿಯನ್ನು 2006ರ ಜುಲೈ 1ರಿಂದಲೇ ಶುರು ಮಾಡಿದರು. ನಾವು 2011ರಲ್ಲಿ ಇ-ತ್ಯಾಜ್ಯ ನಿಯಮ ಬರೆದು, 2012ರಲ್ಲಿ ಜಾರಿ ಮಾಡಿ, ವಿಷ ತೆಗೆಯೋಕೆ ಇನ್ನೆರಡು ವರ್ಷ ಟೈಮ್ ಕೊಟ್ಟೆವು. ಹಾಗಾಗಿ 2014ರ ಮೇ 1ರಿಂದ ಸೀಸ ಶೇ 0.1 ದಾಟುವಂತಿಲ್ಲ, ಕ್ಯಾಡ್ಮಿಯಂ ಶೇ 0.01. ದಾಟಿಲ್ಲ ಅಂತ ಕಂಪನಿಯೇ ಬರೆದುಕೊಡಬೇಕು. ಪರೀಕ್ಷೆ ಬರೆದ ಹುಡುಗನ ಕೈಗೇ ಉತ್ತರಪತ್ರಿಕೆ ಕೊಟ್ಟು ‘ಮಾರ್ಕ್ಸ್ ನೀನೇ ಹಾಕ್ಕೊಳಪ್ಪಾ’ ಅಂದ ಹಾಗೆ. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ ಸ್ಯಾಂಪಲ್ ಎತ್ತಿ ನೋಡಬೇಕು ಅಂತ ನಿಯಮದಲ್ಲಿದೆ. ಅದೂ ಅಲ್ಲೊಂದು, ಇಲ್ಲೊಂದು.

ಇಷ್ಟು ಮಡಿಯಾಗಿ ಬಂದ ಸಾಮಾನು ಕೆಟ್ಟರೆ ಬೆಂಗಳೂರಿನ ಎಸ್.ಪಿ. ರೋಡ್‌ನ ರಿಪೇರಿ ಅಂಗಡಿಗೆ ಹೋಗುತ್ತದೆ. ರಿಪೇರಿಯವನು ಬೆಸುಗೆ ತಂತಿಯ ಸುರುಳಿ ಎಳೆಯುತ್ತಾನೆ. ಮೇಲೆ 60/40 ಅಂತ ಬರೆದಿದೆ. ಅರವತ್ತು ಪಾಲು ತವರ, ನಲವತ್ತು ಪಾಲು ಸೀಸ. ಶೇ 0.1 ಎಲ್ಲಿ, ಶೇ 40 ಎಲ್ಲಿ! ಪಾಪ, ಅವನನ್ನು ಬೈಯುವ ಹಾಗೂ ಇಲ್ಲ. ಸೀಸ ಇರುವ ತಂತಿ 190 ಡಿಗ್ರಿಯೊಳಗೇ ಕರಗಿ ಫಳಫಳ ಅಂತ ಕೂರುತ್ತದೆ. ಸೀಸ ಇಲ್ಲದ್ದಕ್ಕೆ 217 ದಾಟಬೇಕು, ರೇಟೂ ಜಾಸ್ತಿ, ಕೂತ ಮೇಲೂ ಮಂಕು ಮುಖ.

ಇನ್ನು ಕಂಪ್ಯೂಟರ್ ಮೇಜಿನ ಕೆಳಗೆ ಸ್ವಲ್ಪ ಬಗ್ಗಿ ನೋಡಿ. ಯುಪಿಎಸ್ ಇದೆ ಅಲ್ವಾ? ಅದರ ಬ್ಯಾಟರಿಯೊಳಗಿನ ಸೀಸಕ್ಕೆ ಕಿಲೋ ಲೆಕ್ಕ. ಬ್ಯಾಟರಿಗೆ ಬೇರೆ ನಿಯಮ ಸ್ವಾಮಿ, ಅದು ಇದರಲ್ಲಿ ಬರಲ್ಲ. ಮೇಜಿನ ಮೇಲೆ ಸೀಸ ಮೈಲಿಗೆ, ಕೆಳಗೆ ಮಡಿ.

ಕೊನೆಗೆ ಎಲ್ಲವೂ ಗುಜರಿಗೆ. ಗೌರಿಪಾಳ್ಯ, ನಾಯಂಡಹಳ್ಳಿ ಕಡೆ ಹೋಗುತ್ತದೆ. ವೈರ್ ಸುಟ್ಟು ತಾಮ್ರ ತೆಗೀತಾರೆ, ಬೋರ್ಡನ್ನು ಆ್ಯಸಿಡ್‌ನಲ್ಲಿ ಅದ್ದಿ ಚೂರು ಚಿನ್ನ ಹುಡುಕ್ತಾರೆ. ಸೀಸ ತೆಗೆದ ಚಾರ್ಜರ್ ಆದರೂ ಅದರ ವೈರ್ ಸುಟ್ಟಾಗ ಬರುವುದು ಅದೇ ಕರಿ ಹೊಗೆ. ನಿಯಮ ಬರೆದ ಮಹನೀಯರೇ, ವೈರಿನ ಮೇಲಿನ ಪಿವಿಸಿ ಪ್ಲಾಸ್ಟಿಕ್ ನಿಮ್ಮ ವಿಷಗಳ ಪಟ್ಟಿಯಲ್ಲೇ ಇಲ್ಲವಲ್ಲ! ದಶಮಾಂಶ ಬಿಂದು ಆದಮೇಲೆ ಎಷ್ಟು ಸೊನ್ನೆ ಅಂತ ವರ್ಷಗಟ್ಟಲೆ ಮೀಟಿಂಗ್ ಮಾಡಿದಿರಿ. ಆ ಹೊಗೆಯಲ್ಲಿ ಒಂದು ಗಂಟೆ ನಿಂತಿದ್ದೀರಾ? ಅಲ್ಲಿ ಕೂತವರ ಮೂಗಿಗೆ ಬಟ್ಟೆ ಇಲ್ಲ, ಕೈಗೆ ಏನೂ ಇಲ್ಲ. ಒಂದು ಜೊತೆ ಗ್ಲೌಸ್ ಕೊಡಿಸೋಕೂ ಆಗಲ್ವಾ ನಿಮ್ಮ ಕೈಲಿ?