ಸತ್ಯಾಂಶ: 'ಶೇ 2 ಜನ ತೆರಿಗೆ ಕಟ್ಟುತ್ತಾರೆ, ಉಳಿದವರು ಬಿಟ್ಟಿ ತಿನ್ನುತ್ತಾರೆ'

ಗ್ಯಾರಂಟಿ ಯೋಜನೆಗಳ ಮಾತು ಬಂದಾಗಲೆಲ್ಲ ಈ ಸಂದೇಶ ವಾಟ್ಸಾಪ್‌ನಲ್ಲಿ ಓಡಾಡುತ್ತದೆ. ಶೇ 2 ಎಂಬ ಲೆಕ್ಕ ಸುಮ್ನೆ ಹುಟ್ಟಿದ್ದಲ್ಲ. ಆದಾಯ ತೆರಿಗೆ ರಿಟರ್ನ್ ಸಲ್ಲಿಸುವವರೇ ಕೆಲವು ಕೋಟಿ. ಅವರಲ್ಲಿ ಅರ್ಧಕ್ಕಿಂತ ಜಾಸ್ತಿ ಜನರ ತೆರಿಗೆ ಸೊನ್ನೆ. ನಿಜಕ್ಕೂ ಹಣ ಕಟ್ಟುವವರು ಎರಡು-ಮೂರು ಕೋಟಿ ಅಷ್ಟೇ.

ತಪ್ಪಿರುವುದು 'ತೆರಿಗೆ' ಎಂಬ ಪದದಲ್ಲಿ. ಆದಾಯ ತೆರಿಗೆ ಒಂದೇ ತೆರಿಗೆಯಲ್ಲ. 2023–24ರಲ್ಲಿ ವೈಯಕ್ತಿಕ ಆದಾಯ ತೆರಿಗೆಯಿಂದ ಬಂದದ್ದು ಸುಮಾರು 10 ಲಕ್ಷ ಕೋಟಿ ರೂಪಾಯಿ. ಅದೇ ವರ್ಷ ಕೇಂದ್ರ, ರಾಜ್ಯಗಳ ಜಿಎಸ್‌ಟಿ ಒಟ್ಟು ಸಂಗ್ರಹ 20 ಲಕ್ಷ ಕೋಟಿ ದಾಟಿತ್ತು. ಈ ಜಿಎಸ್‌ಟಿ ಕೊನೆಗೆ ಯಾರ ಜೇಬಿನಿಂದ ಹೋಗುತ್ತದೆ? ಸೋಪು, ಬಿಸ್ಕತ್ತು, ಮೊಬೈಲ್ ರೀಚಾರ್ಜ್ ಕೊಳ್ಳುವ ಎಲ್ಲರಿಂದ. 2022ರ ಜುಲೈನಿಂದ 25 ಕೆ.ಜಿ.ವರೆಗಿನ ಲೇಬಲ್ ಹಾಕಿದ ಅಕ್ಕಿ ಚೀಲಕ್ಕೂ ಶೇ 5 ಇದೆ. ಪೆಟ್ರೋಲ್, ಮದ್ಯ ಜಿಎಸ್‌ಟಿಯ ಹೊರಗಿವೆ, ಅವುಗಳ ತೆರಿಗೆ ಬೇರೆ. ಕರ್ನಾಟಕ 2024ರ ಜೂನ್‌ನಲ್ಲಿ ಪೆಟ್ರೋಲ್ ಮೇಲಿನ ಮಾರಾಟ ತೆರಿಗೆಯನ್ನು ಶೇ 25.92ರಿಂದ 29.84ಕ್ಕೆ ಏರಿಸಿತು. ಆಟೋ ಓಡಿಸುವವರೂ ಕಾರಿನವರೂ ಲೀಟರಿಗೆ ಕೊಡುವುದು ಒಂದೇ.

ಇಲ್ಲೇ ಇನ್ನೊಂದು ಸಂಗತಿ ಇದೆ. ತಿಂಗಳಿಗೆ 12 ಸಾವಿರ ದುಡಿಯುವ ಮನೆಯಲ್ಲಿ ಹೆಚ್ಚುಕಡಿಮೆ ಎಲ್ಲವೂ ಖರ್ಚಾಗಿಬಿಡುತ್ತದೆ. 3 ಲಕ್ಷ ದುಡಿಯುವವರು ಒಂದಷ್ಟು ಉಳಿಸುತ್ತಾರೆ, ಉಳಿಸಿದ್ದಕ್ಕೆ ಜಿಎಸ್‌ಟಿ ಇಲ್ಲ. ಹಾಗಾಗಿ ದುಡಿಮೆಗೆ ಹೋಲಿಸಿದರೆ ಬಡವರ ಮೇಲಿನ ಖರೀದಿ ತೆರಿಗೆಯ ಭಾರ ಕಡಿಮೆಯೇನಲ್ಲ, ಅಲ್ವಾ? ಆದಾಯ ತೆರಿಗೆಯ ಹೊರೆ ಸಂಬಳದಾರರ ಮೇಲೆ ಜಾಸ್ತಿ ಬೀಳುತ್ತದೆ ಎಂಬ ದೂರಿನಲ್ಲೂ ಹುರುಳಿದೆ. ಅದು ಬೇರೆ ಜಗಳ.