ನಾರ್ಮಲ್ಲಾ ಸಾರ್, ಪ್ರೀಮಿಯಮ್ಮಾ?

ಪೆಟ್ರೋಲ್ ಬಂಕಿನಲ್ಲಿ ಮೊದಲೆಲ್ಲ 'ಎಷ್ಟಕ್ಕೆ ಸಾರ್?' ಎಂದಷ್ಟೇ ಕೇಳುತ್ತಿದ್ದರು. ಈಗ ಅದಕ್ಕೂ ಮುಂಚೆ ಇನ್ನೊಂದು ಪ್ರಶ್ನೆ ಬರುತ್ತದೆ: 'ನಾರ್ಮಲ್ಲಾ, ಪ್ರೀಮಿಯಮ್ಮಾ?' ನಾರ್ಮಲ್ ಎಂದಿರೋ, ಹುಡುಗ ನಿಮ್ಮ ಕಾರನ್ನೊಮ್ಮೆ ನೋಡುತ್ತಾನೆ, ನಿಮ್ಮನ್ನೊಮ್ಮೆ ನೋಡುತ್ತಾನೆ. ಹಿಂದಿನ ಸೀಟಿನಲ್ಲಿ ಅತ್ತೆ ಮಾವ ಕೂತಿದ್ದರಂತೂ ಆ ನೋಟಕ್ಕೆ ಹೆದರಿಯೇ 'ಪ್ರೀಮಿಯಮ್ಮೇ ಹಾಕಪ್ಪ' ಎಂದುಬಿಡುತ್ತೇವೆ. ಕೆಲವು ಕಡೆ ಕೇಳುವ ಸೌಜನ್ಯವೂ ಇಲ್ಲ. ನೀವು ಮೊಬೈಲಿನಲ್ಲಿ ಮುಳುಗಿ ಏಳುವಷ್ಟರಲ್ಲಿ ಪ್ರೀಮಿಯಂ ಪೈಪು ಟ್ಯಾಂಕಿನೊಳಗೆ ಇಳಿದಿರುತ್ತದೆ. 'ಝೀರೋ ನೋಡಿ ಸಾರ್' ಎಂದು ಬೀದಿಗೆಲ್ಲ ಕೇಳುವಂತೆ ಕೂಗುವವನು, ಅದರ ಕೆಳಗಿನ ದರವನ್ನೂ ಒಂಚೂರು ನೋಡಿ ಎಂದು ಮಾತ್ರ ಹೇಳುವುದಿಲ್ಲ.

ಹುಡುಗನನ್ನು ಬೈದು ಪ್ರಯೋಜನವಿಲ್ಲ ಬಿಡಿ. ಬಿಸಿಲಲ್ಲಿ ನಿಂತು ಹೊಗೆ ಕುಡಿಯುವವನು ಅವನು, ಆಕ್ಟೇನ್ ನಿರ್ಧರಿಸುವವರು ಏಸಿ ರೂಮಿನವರು.

ಆಕ್ಟೇನ್ ಎಂದರೇನು ಎಂಬುದನ್ನು ಮುಗಿಸಿಬಿಡೋಣ. ಸಿಲಿಂಡರಿನೊಳಗೆ ಗಾಳಿ ಮತ್ತು ಪೆಟ್ರೋಲಿನ ಮಿಶ್ರಣವನ್ನು ಒತ್ತಿದಾಗ ಕಿಡಿಯ ಉರಿ ತಲುಪುವ ಮೊದಲೇ ತಾನಾಗಿ ಸಿಡಿಯದೆ ತಡೆದುಕೊಳ್ಳುವ ತಾಳ್ಮೆಗೆ ಆಕ್ಟೇನ್ ಎನ್ನುತ್ತಾರೆ. ತಾಳ್ಮೆ ಕಡಿಮೆಯಾದರೆ ಎಂಜಿನ್ ಕಟಕಟ ಅನ್ನುತ್ತದೆ, ಮೆಕ್ಯಾನಿಕ್ಕುಗಳು ಅದನ್ನು ನಾಕಿಂಗ್ ಎನ್ನುತ್ತಾರೆ. ಟರ್ಬೊ ಎಂಜಿನ್, ಹೆಚ್ಚು ಕಂಪ್ರೆಷನ್ನಿನ ಎಂಜಿನ್ ಇರುವವರಿಗೆ ಈ ತಾಳ್ಮೆ ಬೇಕು. ಉಳಿದವರಿಗೆ ಹೆಚ್ಚಿನ ಆಕ್ಟೇನಿನಿಂದ ಹೆಚ್ಚಿನ ಶಕ್ತಿಯೂ ಇಲ್ಲ, ಮೈಲೇಜೂ ಇಲ್ಲ. ಯಾವ ಕಾರಿಗೆ ಯಾವುದು ಎಂದು ಮ್ಯಾನ್ಯುಯಲ್ಲಿನಲ್ಲಿ ಬರೆದಿರುತ್ತದೆ. ಕೆಲವು ಕಾರುಗಳಲ್ಲಿ ಪೆಟ್ರೋಲ್ ಮುಚ್ಚಳದ ಒಳಗಡೆಯೇ ಚೀಟಿ ಅಂಟಿಸಿರುತ್ತಾರೆ. ಆ ಚೀಟಿಯನ್ನು ಈ ದೇಶದಲ್ಲಿ ಇನ್ನೂ ಯಾರೂ ಓದಿದಂತಿಲ್ಲ.

ಈಗ ತಮಾಷೆಗೆ ಬನ್ನಿ. ಎಕ್ಸ್‌ಪಿ95, ಪವರ್95 ಎಂದು ಹೆಸರಿನಲ್ಲೇ ಅಂಕಿ ಹೊತ್ತುಕೊಂಡು ಬಂದಿದ್ದು ಈ ಪ್ರೀಮಿಯಂ. ನಾರ್ಮಲ್ಲಿಗೆ 91, ಇದಕ್ಕೆ 95, ಆದ್ದರಿಂದ ನಾಲ್ಕು ಕಾಸು ಜಾಸ್ತಿ. ನ್ಯಾಯವೇ. ಆದರೆ 2025ರ ಆಗಸ್ಟಿನಲ್ಲಿ ಇ20 ಪೆಟ್ರೋಲಿನ, ಅಂದರೆ ಕಬ್ಬು ಮೆಕ್ಕೆಜೋಳದಿಂದ ತೆಗೆದ ಎಥೆನಾಲನ್ನು ಶೇ 20 ಬೆರೆಸಿದ ಪೆಟ್ರೋಲಿನ ಬಗ್ಗೆ ಗಲಾಟೆ ಎದ್ದಿತಲ್ಲ, ಆಗ ಪೆಟ್ರೋಲಿಯಂ ಸಚಿವಾಲಯ ಒಂದು ದೀರ್ಘ ಸ್ಪಷ್ಟನೆ ಕೊಟ್ಟಿತು. ಅದರಲ್ಲಿ ಎದೆಯುಬ್ಬಿಸಿ ಹೇಳಿದ ಮಾತಿದು: ಹೊಗೆಗೆ ಮಿತಿ ಹಾಕುವ ಬಿಎಸ್-6 ನಿಯಮ ಬಂದಾಗ ಆಕ್ಟೇನನ್ನು 88ರಿಂದ 91ಕ್ಕೆ ಏರಿಸಿದೆವು, ಈಗ ಶೇ 20 ಎಥೆನಾಲ್ ಬೆರೆಸಿದ್ದರಿಂದ ಅದು 95ಕ್ಕೆ ಮುಟ್ಟಿದೆ.

ಅಂದರೆ ನಾರ್ಮಲ್ಲೂ 95. ಪ್ರೀಮಿಯಮ್ಮೂ 95. ಎರಡರಲ್ಲೂ ಎಥೆನಾಲ್. ನಡುವೆ ಇರುವುದು ಎಂಜಿನ್ ತೊಳೆಯುತ್ತದೆಂದು ಹೇಳುವ ಒಂದಿಷ್ಟು ಔಷಧಿ, ಬೇರೆ ಬಣ್ಣದ ಪೈಪು ಮತ್ತು ಲೀಟರಿಗೆ ಒಂದು ಪ್ಲೇಟು ಬೋಂಡಾದ ಅಂತರವೂ ಇಲ್ಲದ, ಆದರೆ ಫುಲ್ ಟ್ಯಾಂಕಿಗೆ ಮನೆಮಂದಿಯೆಲ್ಲ ತಿಂಡಿ ತಿನ್ನಬಹುದಾದಷ್ಟು ದುಡ್ಡು. ಒಂದೇ ಅಂಕಿಯನ್ನು ಎರಡು ಬೆಲೆಗೆ ಮಾರಿದ ಈ ಸಾಧನೆಗೆ ನಮ್ಮ ಮ್ಯಾನೇಜ್‌ಮೆಂಟ್ ಕಾಲೇಜುಗಳು ಒಂದು ಪೀಠವನ್ನೇ ಸ್ಥಾಪಿಸಬಹುದು.

ನಮ್ಮ ಬೀದಿಯಲ್ಲಿ ನಿವೃತ್ತ ಲೆಕ್ಕಾಧಿಕಾರಿಯೊಬ್ಬರಿದ್ದಾರೆ. ಹತ್ತು ವರ್ಷ ದಾಟಿದ ಪುಟ್ಟ ಕಾರು. ನಾಲ್ಕು ಸಲ ನಾರ್ಮಲ್, ಐದನೇ ಸಲ ಪ್ರೀಮಿಯಂ ಎಂಬುದು ಅವರ ವ್ರತ. ಯಾಕೆ ಸಾರ್ ಎಂದರೆ, ಹಿಂದೆಲ್ಲ ಮಕ್ಕಳಿಗೆ ತಿಂಗಳಿಗೊಮ್ಮೆ ಹರಳೆಣ್ಣೆ ಕುಡಿಸುತ್ತಿರಲಿಲ್ಲವೇ, ಹಾಗೆ, ಒಳಗಿದ್ದದ್ದೆಲ್ಲ ಸಾಫಾಗುತ್ತದೆ ಎಂದರು. 'ಪಿಕಪ್ ನೋಡಬೇಕು ರೀ ನೀವು, ಹುಲಿ!' ಆ ಹುಲಿಯ ಓಡಾಟವೆಲ್ಲ ಬೆಂಗಳೂರಿನ ಟಿನ್ ಫ್ಯಾಕ್ಟರಿಯಿಂದ ಸಿಲ್ಕ್ ಬೋರ್ಡಿನವರೆಗೆ, ಮೊದಲನೇ ಗೇರಿನಲ್ಲಿ, ಮೆಟ್ರೊ ಬ್ಯಾರಿಕೇಡಿಗೆ ಮೈ ತಾಗಿಸಿಕೊಂಡು. ಈ ಊರಿನಲ್ಲಿ ಪಿಕಪ್ ಇಟ್ಟುಕೊಂಡು ಏನು ಮಾಡುತ್ತೀರಿ ಎಂದು ಕೇಳಬೇಕೆನಿಸಿತು. ಕೇಳಲಿಲ್ಲ. ಅವರು ನನಗೆ ಪ್ರತಿವರ್ಷ ಐಟಿ ರಿಟರ್ನ್ಸ್ ತುಂಬಿಕೊಡುವವರು.

ಎಥೆನಾಲೇ ಬೇಡ ಎನ್ನುವವರಿಗೂ ದಾರಿ ಇದೆ, ಇಲ್ಲವೆನ್ನಬೇಡಿ. ಇಂಡಿಯನ್ ಆಯಿಲ್ 2020ರ ಡಿಸೆಂಬರ್ 1ರಂದು ಎಕ್ಸ್‌ಪಿ100 ಬಿಡುಗಡೆ ಮಾಡಿತು. ನೂರು ಆಕ್ಟೇನ್, ಎಥೆನಾಲ್ ಬೆರೆಸದ್ದು, ಆಗಲೇ ಲೀಟರಿಗೆ ನೂರರವತ್ತು ರೂಪಾಯಿಯ ಆಸುಪಾಸು. ಎಲ್ಲ ಬಂಕಿನಲ್ಲೂ ಸಿಗುವುದಿಲ್ಲ. ಏನೂ ಬೆರೆಸದ ಪೆಟ್ರೋಲ್ ಎಂಬುದು ಹತ್ತು ಹದಿನೈದು ವರ್ಷಗಳ ಹಿಂದೆ ಸ್ಕೂಟರಿನವನಿಗೂ ಸಿಗುತ್ತಿದ್ದ ಸಾಧಾರಣ ವಸ್ತು. ಈಗ ಅದು ಸೂಪರ್ ಬೈಕಿನವರ ಭೋಗ.

ಇ20 ಹುಟ್ಟಿದ್ದಕ್ಕೆ ಬೇರೆ ಊರನ್ನು ಬೈಯುವ ಹಾಗೂ ಇಲ್ಲ. 2023ರ ಫೆಬ್ರುವರಿ 6ರಂದು ಪ್ರಧಾನಿಗಳು ಅದಕ್ಕೆ ಚಾಲನೆ ಕೊಟ್ಟಿದ್ದು ನಮ್ಮ ಬೆಂಗಳೂರಿನಲ್ಲೇ. 2030ಕ್ಕೆಂದು ಇಟ್ಟುಕೊಂಡ ಶೇ 20ರ ಗುರಿಯನ್ನು 2025ಕ್ಕೇ ಮುಟ್ಟಿದರು. ಸರ್ಕಾರದ ಒಂದು ಕೆಲಸ ಐದು ವರ್ಷ ಮೊದಲೇ ಮುಗಿಯಿತು ಎಂದಾಗಲೇ ನಮಗೆ ಅನುಮಾನ ಬರಬೇಕಿತ್ತು.

ಎಥೆನಾಲ್‌ಗೆ ಲೀಟರಿಗೆ ಪೆಟ್ರೋಲಿನ ಮೂರನೇ ಎರಡು ಪಾಲು ಶಕ್ತಿ ಮಾತ್ರ. ಹತ್ತನೇ ಕ್ಲಾಸಿನ ಹುಡುಗ ಕಾಗದದ ಮೇಲೆ ಲೆಕ್ಕ ಹಾಕಿ ಮೈಲೇಜ್ ಎಷ್ಟು ಇಳಿಯುತ್ತದೆಂದು ಹೇಳಬಲ್ಲ. ನೀತಿ ಆಯೋಗವೇ 2021ರಲ್ಲಿ ಹೇಳಿತ್ತು: ಶುದ್ಧ ಪೆಟ್ರೋಲಿಗೆಂದು ರೂಪಿಸಿ ಇ10ಕ್ಕೆ ಹೊಂದಿಸಿದ ಕಾರುಗಳಲ್ಲಿ ಶೇ 6ರಿಂದ 7ರಷ್ಟು ಇಳಿಕೆ. ಆದರೆ ಕಾರಿನವರು ಅದನ್ನೇ ಹೇಳಿದಾಗ ಕೇಂದ್ರ ಸಾರಿಗೆ ಸಚಿವ ನಿತಿನ್ ಗಡ್ಕರಿ ಅವರಿಗೆ ಅದು ತಮ್ಮ ವಿರುದ್ಧ ದುಡ್ಡು ಕೊಟ್ಟು ಮಾಡಿಸಿದ ಪ್ರಚಾರವಾಗಿ ಕಂಡಿತು. ದುಡ್ಡು ಕೊಟ್ಟಿದ್ದೇನೋ ನಿಜ. ಬಂಕಿನಲ್ಲಿ, ನಾವೇ. ಗಾಡಿಗಳು ಎಥೆನಾಲ್ ಮತ್ತು ಕರೆಂಟಿನಲ್ಲಿ ಓಡಿದರೆ ಪೆಟ್ರೋಲು ಲೀಟರಿಗೆ 15 ರೂಪಾಯಿ ಲೆಕ್ಕಕ್ಕೆ ಬೀಳುತ್ತದೆ ಎಂದು 2023ರಲ್ಲಿ ಇದೇ ಸಚಿವರು ಹೇಳಿದ್ದರು. ಬೆಂಗಳೂರಿನಲ್ಲಿ ಪೆಟ್ರೋಲು 2021ರ ಜೂನಿನಲ್ಲಿ ನೂರು ದಾಟಿತ್ತು. ಆ ಹದಿನೈದು ಬಹುಶಃ ಅದರ ಮೇಲಿನದ್ದು ಇರಬೇಕು.

ಎಥೆನಾಲ್ ಬೆರೆಸದ ಪೆಟ್ರೋಲನ್ನೂ ಮಾರಿ, ಆಯ್ಕೆ ನಮಗೆ ಬಿಡಿ ಎಂದು ಒಬ್ಬರು ಸುಪ್ರೀಂ ಕೋರ್ಟಿಗೂ ಹೋದರು. 2025ರ ಸೆಪ್ಟೆಂಬರ್ 1ರಂದು ಅರ್ಜಿ ವಜಾ ಆಯಿತು. ಇದರ ಹಿಂದೆ ದೊಡ್ಡ ಲಾಬಿ ಇದೆ ಎಂಬುದು ಸರ್ಕಾರದ ವಾದ. ಹಳೇ ಕಾರಿನಲ್ಲಿ ಮಗಳನ್ನು ಟ್ಯೂಷನ್ನಿಗೆ ಬಿಡುವವನು ತಾನೂ ಅಂತರರಾಷ್ಟ್ರೀಯ ಲಾಬಿಯ ಸದಸ್ಯ ಎಂದು ತಿಳಿದು ಅವತ್ತು ಸ್ವಲ್ಪ ನೆಟ್ಟಗೆ ಕೂತು ಗಾಡಿ ಓಡಿಸಿರಬೇಕು.

ನಕ್ಕಿದ್ದು ಸಾಕು. ಕಚ್ಚಾ ತೈಲವನ್ನು ಹೊರಗಿನಿಂದ ತರುವ ದೇಶ ಎಥೆನಾಲ್ ಬೆರೆಸುವುದು ತಪ್ಪಲ್ಲ, ಕಬ್ಬು ಮೆಕ್ಕೆಜೋಳದವರಿಗೆ ನಾಲ್ಕು ಕಾಸು ಸಿಗುವುದಾದರೆ ನನ್ನ ಮೈಲೇಜು ಇಳಿಯಲಿ. ಆದರೆ ಅವರಿಗಾದರೂ ಸಿಕ್ಕಿತೇ? ಅನ್ನದಾತನನ್ನು ಊರ್ಜಾದಾತ ಮಾಡಿದೆವೆಂದು ಭಾಷಣ ಬಿಗಿದ ಮೇಲೂ 2025ರ ನವೆಂಬರಿನಲ್ಲಿ ಬೆಳಗಾವಿ ಜಿಲ್ಲೆಯ ಗುರ್ಲಾಪುರ ಕ್ರಾಸಿನಲ್ಲಿ ಕಬ್ಬು ಬೆಳೆಗಾರರು ಟನ್ನಿಗೆ 3,500 ಕೊಡಿ ಎಂದು ರಸ್ತೆಯಲ್ಲೇ ಮಲಗಬೇಕಾಯಿತು. ಕೊನೆಗೆ ರಾಜ್ಯ ಸರ್ಕಾರ 3,300ಕ್ಕೆ ಇಳಿಸಿ ಎಬ್ಬಿಸಿತು. ಕೇಂದ್ರ ಆ ಕಡೆ ತೋರಿಸಿತು, ರಾಜ್ಯ ಈ ಕಡೆ ತೋರಿಸಿತು. ರಾಜ್ಯವೇನು ಸಾಚಾ ಅಲ್ಲ. 2024ರ ಜೂನ್ 15ರಂದು ಪೆಟ್ರೋಲಿನ ಮಾರಾಟ ತೆರಿಗೆಯನ್ನು ಶೇ 25.92ರಿಂದ 29.84ಕ್ಕೆ ಏರಿಸಿ ಒಂದೇ ರಾತ್ರಿಗೆ ಮೂರು ರೂಪಾಯಿ ಜಾಸ್ತಿ ಮಾಡಿದ್ದು ಇವರೇ. ಶೇಕಡಾ ಲೆಕ್ಕದ ತೆರಿಗೆ ನೋಡಿ, ನೀವು ಮುಲಾಜಿಗೆ ಪ್ರೀಮಿಯಂ ಹಾಕಿಸಿದರೆ ವಿಧಾನಸೌಧಕ್ಕೂ ಪ್ರೀಮಿಯಂ ಹೋಗುತ್ತದೆ. ರೈತನಿಗಿಲ್ಲ, ಗಾಡಿಯವನಿಗಿಲ್ಲ. ಎಥೆನಾಲ್ ಪೆಟ್ರೋಲಿಗಿಂತ ಅಗ್ಗವಾಗಿದ್ದ ಕಾಲದಲ್ಲಿ ಆ ಉಳಿತಾಯವನ್ನು ನಮಗೆ ಕೊಡಲಿಲ್ಲ. ಈಗ ಲೀಟರಿಗೆ ಸರಾಸರಿ 71 ರೂಪಾಯಿ 32 ಪೈಸೆ ಕೊಟ್ಟು ಕೊಳ್ಳುತ್ತಿದ್ದೇವೆ, ಅಗ್ಗ ಎಲ್ಲಿಂದ ಬಂತು ಎಂದು 2025ರ ಅದೇ ಸ್ಪಷ್ಟನೆಯ ಕಾಲದಲ್ಲಿ ಸಚಿವಾಲಯ ನಮ್ಮನ್ನೇ ಕೇಳಿತು. ಇ10ಕ್ಕೆಂದು ಕಾರು ಮಾರಿದರು, ಮ್ಯಾನ್ಯುಯಲ್ಲಿನಲ್ಲಿ ಹಾಗೆಂದು ಬರೆದರು, ಸಾಲದ ಕಂತು ಮುಗಿಯುವ ಮೊದಲೇ ಪೆಟ್ರೋಲನ್ನೇ ಬದಲಿಸಿದರು. ಒಂದು ಮಾತು ಕೇಳಲಿಲ್ಲ. ಕೇಳಿದ್ದು ಬಂಕಿನ ಹುಡುಗ ಒಬ್ಬನೇ, ಅದೂ ಅರ್ಥವಿಲ್ಲದ ಪ್ರಶ್ನೆ.

ಪ್ರಶ್ನೆ ಎತ್ತಿದವರಿಗೆಲ್ಲ ಬ್ರೆಜಿಲ್ ತೋರಿಸುತ್ತಾರೆ. ಅಲ್ಲಿ ಇ27ರಲ್ಲೇ ವರ್ಷಗಟ್ಟಲೆ ಗಾಡಿ ಓಡಿವೆ, ಏನಾಯಿತು? ಏನೂ ಆಗಿಲ್ಲ, ಒಪ್ಪಿದೆ. ಅಲ್ಲಿ 2003ರಿಂದಲೇ ಎರಡನ್ನೂ ಕುಡಿಯುವ ಫ್ಲೆಕ್ಸ್ ಕಾರುಗಳಿವೆ. ಬಂಕಿನಲ್ಲಿ ಎಥೆನಾಲೇ ಬೇರೆ, ಪೆಟ್ರೋಲೇ ಬೇರೆ. ಎಥೆನಾಲ್ ಬೆಲೆ ಪೆಟ್ರೋಲಿನ ಶೇ 70ಕ್ಕಿಂತ ಕಡಿಮೆ ಇದ್ದರೆ ಎಥೆನಾಲ್, ಇಲ್ಲವಾದರೆ ಪೆಟ್ರೋಲ್ ಎಂದು ಅಲ್ಲಿನ ಟ್ಯಾಕ್ಸಿಯವನು ಬೋರ್ಡು ನೋಡಿ ಬಾಯಿಲೆಕ್ಕದಲ್ಲೇ ತೀರ್ಮಾನಿಸುತ್ತಾನೆ. ನಾವು ಬ್ರೆಜಿಲಿನಿಂದ ಶೇಕಡಾವಾರು ತಂದೆವು, ಬೋರ್ಡನ್ನು ಅಲ್ಲೇ ಬಿಟ್ಟು ಬಂದೆವು.

ಇಲ್ಲೂ ಇ27ರ ಮಾತು ಈಗಾಗಲೇ ಶುರುವಾಗಿದೆ. ನಮ್ಮ ಲೆಕ್ಕಾಧಿಕಾರಿಗಳಿಗೆ ಸುದ್ದಿ ಮುಟ್ಟಿಸಿದೆ. ಅವರು ಕನ್ನಡಕ ತೆಗೆದು ಒರೆಸಿಕೊಂಡರು. 'ಇಪ್ಪತ್ತಕ್ಕೇ 95 ಆಯ್ತಲ್ರೀ. ಇಪ್ಪತ್ತೇಳು ಮಾಡಿದ್ರೆ ನಾರ್ಮಲ್ಲೇ ಪ್ರೀಮಿಯಮ್ಮಿಗಿಂತ ಮೇಲೆ ಹೋಗಲ್ವಾ? ಆಗ ಐದನೇ ಸಲ ನಾನು ಯಾವುದು ಹಾಕಿಸ್ಬೇಕು?'